ಜಾಡು ಹಿಡಿಯುವ ಮುನ್ನ

ಕಳೆದ ರಜೆಯಲ್ಲಿ ದಾಂಡೇಲಿಯಲ್ಲಿರುವ ನಮ್ಮ ಮಾಮುವಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಕುಳಿತಿದ್ದೆ. ಅಲ್ಲಿಯ ಸಾಫ್ಟ್‌ವೇರ್‌ನಲ್ಲಿ ಪ್ರತಿ ವ್ಯವಹಾರಕ್ಕೂ ನಾಲ್ಕು ಹಂತ: ಆರ್ಡರ್, ಒಪ್ಪಿಗೆ, ಹಳಿಯಾಳದ ಗೋದಾಮಿನಿಂದ ಸರಕು ಬಿಡುಗಡೆ, ಕೊನೆಗೆ ಬಿಲ್. ಕೆಲವು ಆರ್ಡರ್‌ಗಳು ಎರಡನೇ ಹಂತದಲ್ಲೇ ನಿಂತುಬಿಡುತ್ತಿದ್ದವು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಸಾಫ್ಟ್‌ವೇರ್ ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. “ಟ್ರೇಸ್ ಆನ್ ಮಾಡಿ, ಫೈಲ್ ಕಳಿಸು” ಎಂದರು. ಟ್ರೇಸ್ ಎಂದರೆ ಪ್ರೋಗ್ರಾಂ ಇಡುವ ಒಂದೊಂದು ಹೆಜ್ಜೆಯನ್ನೂ ಫೈಲಿನಲ್ಲಿ ಬರೆದಿಡುವ ಸಾಧನ. ಯಾವ ಆಜ್ಞೆ, ಎಷ್ಟು ಹೊತ್ತಿಗೆ, ಯಾವ ಮೊತ್ತ, ಎಲ್ಲವೂ ದಾಖಲಾಗುತ್ತದೆ. ನಾನು ಬೆಳಿಗ್ಗೆ ಹತ್ತಕ್ಕೆ ಎಲ್ಲ ಹಂತಗಳಿಗೂ ಆನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಬಿಲ್ ಬರಲು ಎರಡು ನಿಮಿಷ ಬೇಕಾಯಿತು. ಹೆಜ್ಜೆ ಇಡುವುದರ ಜೊತೆಗೆ ಬರೆಯುವ ಕೆಲಸವೂ ಕಂಪ್ಯೂಟರಿನ ಮೇಲೆ ಬಿದ್ದಿತ್ತು. ಜೋಯಿಡಾ ಬಸ್ಸು ಹಿಡಿಯಬೇಕಿದ್ದವರೊಬ್ಬರು ಸಾಮಾನು ಅಲ್ಲೇ ಬಿಟ್ಟು ಹೊರಟರು. ಮಾಮು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.

ಟ್ರೇಸ್ ನಿಲ್ಲಿಸಿ ಫೈಲ್ ತೆರೆದೆ. ಸಾವಿರಾರು ಸಾಲುಗಳು. ಅದರಲ್ಲಿ ಗಿರಾಕಿಗಳ ಹೆಸರು, ಫೋನ್ ನಂಬರು, ಉದ್ರಿ ಬಾಕಿ. ನಾನು ದಿನವೂ ಸಲಾಂ ಹೇಳುವ ಹಿರಿಯರೊಬ್ಬರ ಹೆಸರೂ, ಅವರ ಸಾಲವೂ ಕಂಡಿತು. ವಾಟ್ಸಾಪ್‌ನಲ್ಲಿ ಫೈಲ್ ಕಳಿಸಲು ಹೊರಟಿದ್ದ ಕೈ ಅಲ್ಲೇ ನಿಂತಿತು.

ಕನ್ನಡ ಪತ್ರಿಕೆಯಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಆ ಫೈಲ್ ಮಾಮುವಿನ ಹತ್ತಿರ ಇದ್ದ ಊರವರ ಅಮಾನತ್. ಕಳಿಸುವ ಹಕ್ಕು ನನಗಿರಲಿಲ್ಲ.

ಒಂದು ಸುಳಿವು ಮಾತ್ರ ಸಿಕ್ಕಿತ್ತು. ನಿಂತಿದ್ದ ಆರ್ಡರ್‌ಗಳೆಲ್ಲ ಉದ್ರಿಯ ಮಿತಿ ದಾಟಿದವರವು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸುಳ್ಳು ಹೆಸರಿನ ಗಿರಾಕಿಯೊಬ್ಬನನ್ನು ಸೃಷ್ಟಿಸಿ, ಮಿತಿ ಮೀರಿದ ಆರ್ಡರ್ ಹಾಕಿದೆ. ಒಪ್ಪಿಗೆಯ ಹಂತಕ್ಕೆ ಮಾತ್ರ, ಹತ್ತೇ ನಿಮಿಷ ಟ್ರೇಸ್ ಇಟ್ಟೆ. ಕೆಲವೇ ಸಾಲುಗಳು ಬಂದವು. ಆರ್ಡರ್ ಹೋಗುತ್ತಿದ್ದುದು ಕೆಲಸ ಬಿಟ್ಟುಹೋದ ಗುಮಾಸ್ತರ ಲಾಗಿನ್‌ಗೆ! ಅಲ್ಲಿ ಒಪ್ಪಿಗೆ ಕೊಡುವವರೇ ಇರಲಿಲ್ಲ. ಆ ಜಾಗಕ್ಕೆ ಮಾಮುವಿನ ಲಾಗಿನ್ ಹಾಕಿಸಿದೆವು. ಸುಳ್ಳು ಆರ್ಡರನ್ನೂ ಬೆಳಗಿನ ಫೈಲನ್ನೂ ಅಳಿಸಿದೆ.

ನಾವು ತರಗತಿಯಲ್ಲಿ ಕಲಿಯುವ ಟ್ಯಾಲಿಯಲ್ಲಿ ಎಡಿಟ್ ಲಾಗ್ ಇದೆ. ಲೆಕ್ಕದಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬುದು ಅದರಲ್ಲಿ ಉಳಿಯುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇಂಥ ದಾಖಲೆ ಕಡ್ಡಾಯ, ಅದನ್ನು ಆಫ್ ಮಾಡುವಂತಿಲ್ಲ. ಟ್ರೇಸ್ ಹಾಗಲ್ಲ. ಬೇಕಾದಷ್ಟೇ ಹೊತ್ತು, ಬೇಕಾದಷ್ಟೇ ಜಾಗದಲ್ಲಿ ಇಟ್ಟು, ಕೆಲಸ ಮುಗಿದ ಕೂಡಲೇ ಆಫ್ ಮಾಡಬೇಕು.

ಫೈಲ್ ಅಳಿಸಿದೆ, ಆದರೆ ನೋಡಿದ್ದು ಮನಸ್ಸಿನಿಂದ ಅಳಿಯಲಿಲ್ಲ. ಆ ಹಿರಿಯರಿಗೆ ಈಗಲೂ ಮೊದಲಿನಂತೆಯೇ ಸಲಾಂ ಹೇಳುತ್ತೇನೆ. ಅಷ್ಟಾದರೂ ನನ್ನ ಕೈಯಲ್ಲಿದೆ.