ಎಂಟುನೂರು ವರ್ಷದ ಹುಡುಗ

ವಯಸ್ಸಾದರೆ ಬುದ್ಧಿ ತಾನಾಗಿ ಬರುತ್ತದೆಂದು ನಂಬಿಕೊಂಡೇ ನಾವೆಲ್ಲ ದಿನ ತಳ್ಳುತ್ತಿದ್ದೇವೆ. ಈ ನಂಬಿಕೆಗೆ ಪೆಟ್ಟು ಕೊಡುವ ಚಿತ್ರವೊಂದು ನ್ಯೂಜಿಲೆಂಡಿನಲ್ಲಿ ತಯಾರಾಗಿ 2014ರಲ್ಲಿ ತೆರೆ ಕಂಡಿತು. ನಾನು ನೋಡಿದ್ದು ಮೊನ್ನೆ. ಹೆಸರು 'ವಾಟ್ ವಿ ಡೂ ಇನ್ ದಿ ಶ್ಯಾಡೋಸ್'. ಟೈಕ ವೈಟಿಟಿ, ಜೆಮೇನ್ ಕ್ಲೆಮೆಂಟ್ ಎಂಬ ಗೆಳೆಯರಿಬ್ಬರು ತಾವೇ ಬರೆದು, ತಾವೇ ನಿರ್ದೇಶಿಸಿ, ತಾವೇ ನಟಿಸಿದ್ದಾರೆ. ದೊಡ್ಡ ಸ್ಟುಡಿಯೋಗಳ ಹಂಗಿಲ್ಲ.

ವೆಲಿಂಗ್ಟನ್ ನಗರದ ಒಂದು ಹಳೆಯ ಮನೆಯಲ್ಲಿ ನಾಲ್ವರು ಗಂಡಸರ ವಾಸ. ನಾಲ್ವರೂ ರಕ್ತ ಹೀರುವ ಪಿಶಾಚಿಗಳು. ಸಾಕ್ಷ್ಯಚಿತ್ರದವರು ಕ್ಯಾಮೆರಾ ಹೊತ್ತು ಇವರ ಹಿಂದೆ ಅಲೆಯುತ್ತಾರೆ. ನಾವು ಹೆದರಲು ಸಿದ್ಧರಾಗಿ ಕುಳಿತರೆ, ಇವರ ಜಗಳವೆಲ್ಲ ಮುಸುರೆ ಪಾತ್ರೆಯದು! 183 ವರ್ಷದ ಡೀಕನ್ ತನ್ನ ಸರದಿಯ ಪಾತ್ರೆ ತೊಳೆದು ಐದು ವರ್ಷವಾಗಿದೆ. 379 ವರ್ಷದ ವಿಯಾಗೊ ಸಭೆ ಕರೆಯುತ್ತಾನೆ. ಬೇಟೆ ಸಿಕ್ಕಾಗ ಮೊದಲು ನೆಲಕ್ಕೆ ಹಳೆಯ ಪತ್ರಿಕೆ ಹಾಸಿರಪ್ಪಾ ಎಂದು ಬೇಡಿಕೊಳ್ಳುತ್ತಾನೆ. (ಪುರವಣಿಗಳಿಗೆ ಅಂಥದೊಂದು ಉಪಯೋಗವೂ ಉಂಟೆಂದು ನನಗೆ ಹೊಳೆದಿರಲಿಲ್ಲ.)

ಮನಸ್ಸಿನಲ್ಲಿ ನಿಂತವನು ಮಾತ್ರ ವ್ಲಾಡಿಸ್ಲಾವ್. ವಯಸ್ಸು 862. ಹದಿನಾರಕ್ಕೇ ಪಿಶಾಚಿಯಾದೆ, ಆದ್ದರಿಂದ ಎಂದೆಂದಿಗೂ ಹದಿನಾರರ ರೂಪವೇ ಎನ್ನುತ್ತಾನೆ. ನಮಗೆ ಕಾಣುವವನು ನಲವತ್ತರ ಆಸುಪಾಸಿನ ಗಂಡಸು. ಆ ಕಾಲದಲ್ಲಿ ಹದಿನಾರರವರ ಬದುಕು ಬಲು ಕಷ್ಟದ್ದಾಗಿತ್ತು ಎಂಬುದು ಅವನ ಸಮಜಾಯಿಷಿ. ಒಂದು ಕಾಲಕ್ಕೆ ಜನರನ್ನು ಚುಚ್ಚಿ ಹಿಂಸಿಸಿ ಹೆಸರಾದವನು, 'ಮೃಗ' ಎಂಬ ವೈರಿಯ ಕೈಯಲ್ಲಿ ಸೋತಂದಿನಿಂದ ಕುಗ್ಗಿಹೋಗಿದ್ದಾನೆ. ಅದೆಂಥ ಘೋರ ಪ್ರಾಣಿಯೋ ಎಂದು ಕಾದರೆ, ಬಂದವಳು ಪಾಲೀನ್: ಅವನ ಹಳೆಯ ಪ್ರೇಯಸಿ. ವಾರ್ಷಿಕ ಕೂಟಕ್ಕೆ ಆಕೆ ಮುಖ್ಯ ಅತಿಥಿಯೆಂದು ತಿಳಿದೊಡನೆ ಈತ ಬರುವುದಿಲ್ಲವೆಂದು ಮುನಿಸಿಕೊಂಡು ಕೂರುತ್ತಾನೆ. ನಲವತ್ತು ದಾಟಿದವನು ಇದನ್ನು ಬರಿಯ ನಗೆಯಿಂದ ನೋಡಲಾರ.

ನಮ್ಮ ಯಯಾತಿಯೂ ಮಗನ ಯೌವನವನ್ನು ಸಾವಿರ ವರ್ಷ ಅನುಭವಿಸಿದ, ಆದರೆ ಹಿಂದಿರುಗಿಸಿದ. ಅವನೆದುರು ಮಗನೇ ಮುದುಕನಾಗಿ ಕುಳಿತಿದ್ದ. ವ್ಲಾಡಿಸ್ಲಾವನ ಮನೆಯಲ್ಲಿ ಯಾರೂ ಮುದುಕರಾಗುವುದಿಲ್ಲ. ನಾಳೆಗಳಿಗೆ ಕೊರತೆಯೇ ಇಲ್ಲದವರು ಪಾತ್ರೆ ತೊಳೆಯುವುದು ಯಾವಾಗ?

ಮುಪ್ಪನ್ನು ಹತ್ತಿರದಿಂದ ಕಂಡವನು ವಿಯಾಗೊ ಒಬ್ಬನೇ. ತೋಳಮನುಷ್ಯರ ಗದ್ದಲಕ್ಕಿಂತ ಇವನ ಕಥೆಗೆ ಇನ್ನಷ್ಟು ಜಾಗ ಕೊಡಬೇಕಿತ್ತೆಂದು ನನ್ನ ಎಣಿಕೆ. ಕ್ಯಾಥರೀನ್ ಎಂಬವಳನ್ನು ಪ್ರೀತಿಸಿ, ಆಕೆಯ ಹಿಂದೆಯೇ ಈ ದೇಶಕ್ಕೆ ಹೊರಟ. ಆಳು ಶವಪೆಟ್ಟಿಗೆಗೆ ಅಂಚೆಚೀಟಿ ತಪ್ಪಾಗಿ ಹಚ್ಚಿದ್ದರಿಂದ ತಲುಪಲು ಹದಿನೆಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆಕೆಗೆ ಬೇರೊಬ್ಬನೊಡನೆ ಮದುವೆಯಾಗಿತ್ತು. ಈಗ ಆಕೆ ವೃದ್ಧಾಶ್ರಮದಲ್ಲಿ; ಈತ ಕತ್ತಲಲ್ಲಿ, ಕಿಟಕಿಯ ಹೊರಗೆ. ಕಡೆಗೊಮ್ಮೆ ಧೈರ್ಯಮಾಡಿ ಒಳಗೆ ಹೋಗಿ ಆಕೆಯನ್ನೂ ತನ್ನಂತೆ ಮಾಡಿಕೊಳ್ಳುತ್ತಾನೆ. ಮುಖದ ಸುಕ್ಕುಗಳು ಹಾಗೆಯೇ ಉಳಿಯುತ್ತವೆ, ಆಕೆಗೆ 96. ತನ್ನ ಕಾಲುಭಾಗ ವಯಸ್ಸಿನ ಹುಡುಗಿಯನ್ನು ಕಟ್ಟಿಕೊಂಡನೆಂದು ಜನ ಆಡಿಕೊಳ್ಳುವುದಾದರೆ ಆಡಿಕೊಳ್ಳಲಿ ಎನ್ನುತ್ತಾನೆ ವಿಯಾಗೊ.