ಮನೆತನದ ಹೆಸರು ಕೇಳುವ ಪುಟ

ವಿದ್ವಾಂಸರಿಗೆಂದೇ ಜಾಲತಾಣ ಕಟ್ಟಿಕೊಡುವ ಸಲಕರಣೆಗಳು ಈಚೆಗೆ ಬಹಳ ಜಾಣವಾಗಿವೆ. ಮೊದಲೆಲ್ಲ ಪ್ರಾಧ್ಯಾಪಕರ ಪುಟ ಅಂದರೆ ಒಂದು ಹಳೆಯ ಫೋಟೋ, ಒಂದು ಇಮೇಲ್ ವಿಳಾಸ, ಯಾವುದೋ ವರ್ಷಕ್ಕೆ ನಿಂತುಹೋದ ಲೇಖನಗಳ ಪಟ್ಟಿ. ಈಗ ಅಲ್-ಫೋಲಿಯೊದಂಥ ಉಚಿತ ವಿನ್ಯಾಸವೊಂದನ್ನು ಗಿಟ್‌ಹಬ್‌ನಲ್ಲಿ ನಕಲು ಮಾಡಿಕೊಂಡು, ಲೇಖನಗಳ ವಿವರವನ್ನೆಲ್ಲ ಬಿಬ್‌ಟೆಕ್ ಕಡತವೊಂದರಲ್ಲಿ ಇಟ್ಟರಾಯಿತು. ವರ್ಷವಾರು ಪಟ್ಟಿ, ಸಾರಾಂಶ ತೆರೆಯುವ ಗುಂಡಿ, ಪಿಡಿಎಫ್ ಕೊಂಡಿ ಎಲ್ಲ ತಾವಾಗಿಯೇ ಮೂಡುತ್ತವೆ. ಲೇಖನಕ್ಕೆ ಡಿಒಐ ಸಂಖ್ಯೆ ಇದ್ದರೆ ವಿವರವನ್ನೂ ಟೈಪ್ ಮಾಡಬೇಕಿಲ್ಲ.

ಕಳೆದ ಮಳೆಗಾಲದಲ್ಲಿ ಬಣಕಲ್‌ನಲ್ಲಿ, ಕರೆಂಟ್ ಇದ್ದಷ್ಟು ಹೊತ್ತು, ಗೆಳತಿಯೊಬ್ಬಳಿಗೆ ಇಂಥ ಪುಟ ಮಾಡಿಕೊಟ್ಟೆ. ಅವಳು ಅತಿಥಿ ಉಪನ್ಯಾಸಕಿ. ಕಾಫಿ ತೋಟದ ಕೆಲಸದ ಮಾತುಗಳನ್ನು ಹುಡುಕಿ ಬರೆಯುತ್ತಾಳೆ. ಮರಗಸಿ, ಕಂಬಚಿಗುರು ಇಂಥ ಪದಗಳು ತೋಟದಿಂದ ತೋಟಕ್ಕೆ ಹೇಗೆ ಬದಲಾಗುತ್ತವೆ ಎಂಬುದು ಅವಳ ಆಸಕ್ತಿ. ಒಟ್ಟು ಹನ್ನೊಂದು ಲೇಖನಗಳು. ಇಂಗ್ಲಿಷಿನ ಎರಡಕ್ಕೆ ಡಿಒಐ ಇತ್ತು. ಅವು ಎರಡೇ ನಿಮಿಷದಲ್ಲಿ ಪುಟದಲ್ಲಿ ಕೂತವು. ಅಭಿನಂದನ ಗ್ರಂಥ, ವಿಚಾರಸಂಕಿರಣದ ಸಂಪುಟ, ಕಾಲೇಜು ಸಂಚಿಕೆಗಳಲ್ಲಿ ಬಂದ ಕನ್ನಡದ ಒಂಬತ್ತಕ್ಕೆ ಮೂರು ಸಂಜೆ ಹಿಡಿಯಿತು.

ಮೊದಲ ತೊಡಕು ಹೆಸರಿನದು. ಪಟ್ಟಿಯಲ್ಲಿ ನಮ್ಮ ಹೆಸರು ಎದ್ದುಕಾಣಬೇಕಾದರೆ ಮನೆತನದ ಹೆಸರು ಯಾವುದು, ಸ್ವಂತ ಹೆಸರು ಯಾವುದು ಎಂದು ತಿಳಿಸಬೇಕು. ಬಿಬ್‌ಟೆಕ್ 1985ರಲ್ಲಿ ಓರೆನ್ ಪಟಾಶ್ನಿಕ್ ಮತ್ತು ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ವ್ಯವಸ್ಥೆ. ಅಲ್ಪವಿರಾಮ ಇಲ್ಲದಿದ್ದರೆ ಕೊನೆಯ ಪದವೇ ಮನೆತನದ ಹೆಸರೆಂಬುದು ಅದರ ಲೆಕ್ಕ. ನಮ್ಮ ಪಕ್ಕದ ಮೂಡಿಗೆರೆಯಲ್ಲಿ ಬದುಕಿದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರನ್ನೇ ತೆಗೆದುಕೊಳ್ಳಿ. ಕೆ ಎಂದರೆ ಕುಪ್ಪಳಿ, ಪಿ ಎಂದರೆ ಪುಟ್ಟಪ್ಪ: ಒಂದು ಊರು, ಇನ್ನೊಂದು ಅಪ್ಪ. ತೇಜಸ್ವಿ ಅವರದೇ ಹೆಸರು. ಯಂತ್ರ ಮಾತ್ರ ಅದನ್ನು ವಂಶದ ಹೆಸರೆಂದು ಎಣಿಸುತ್ತದೆ. ಇನಿಷಿಯಲ್ ಕೊನೆಗೆ ಬರೆಯುವವರ ಪಾಡು ಇನ್ನೂ ವಿಚಿತ್ರ. ಅವರ ಮನೆತನ ಒಂದೇ ಒಂದು ಅಕ್ಷರ! ಉಪಾಯ ಸುಲಭ. ಹೆಸರಿಗೆ ಎರಡು ಸುತ್ತು ಪುಷ್ಪಾವರಣ ಹಾಕಿದರೆ ಅದು ಒಡೆಯದೆ ಇಡಿಯಾಗಿ ಉಳಿಯುತ್ತದೆ.

ಎರಡನೆಯ ತೊಡಕು ಅಕ್ಷರದ್ದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ನಮ್ಮ ಎಷ್ಟೋ ಸಂಪುಟಗಳು ಹಳೆಯ ಫಾಂಟ್‌ಗಳಲ್ಲೇ ಅಚ್ಚಾದವು. ಅಂಥ ಪಿಡಿಎಫ್ ಓದಲು ಚೆನ್ನ. ಅದರೊಳಗಿನ 'ಕನ್ನಡ' ಎಂಬ ಪದವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷಿನ ಪಿ, ನಡುವೆ ಬ್ರಿಟಿಷರ ಪೌಂಡ್ ಗುರುತು, ಆಮೇಲೊಂದು ಕ್ಯೂ ಬರುತ್ತವೆ. ಹುಡುಕುಯಂತ್ರಕ್ಕೆ ಕಾಣುವುದೂ ಅದೇ. 'ಮರಗಸಿ' ಎಂದು ಹುಡುಕಿದವನಿಗೆ ಮರಗಸಿಯ ಬಗ್ಗೆ ಬರೆದ ಲೇಖನ ಸಿಗುವುದಿಲ್ಲ. ತೇಜಸ್ವಿಯವರು ಕನ್ನಡದ ತಂತ್ರಾಂಶಕ್ಕಾಗಿ ಅಷ್ಟು ಹಟ ಹಿಡಿದದ್ದು ಯಾಕೆಂದು ಆ ಸಂಜೆಗಳಲ್ಲಿ ಇನ್ನಷ್ಟು ಅರ್ಥವಾಯಿತು. ಒಂಬತ್ತೂ ಶೀರ್ಷಿಕೆ, ಸಾರಾಂಶಗಳನ್ನು ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದೆವು.

ಇದು ಬರೀ ಅಂದಚೆಂದದ ಮಾತಲ್ಲ. ಸಂದರ್ಶನದಲ್ಲಿ ಕೂತವರು ಅವಳ ಹೆಸರು ಹುಡುಕಿದರೆ ಇಷ್ಟು ದಿನ ಸಿಗುತ್ತಿದ್ದದ್ದು ಎರಡೇ ಲೇಖನ. ಹನ್ನೆರಡು ವರ್ಷದ ಓಡಾಟ, ಕೂಲಿ ಲೈನುಗಳಲ್ಲಿ ಕೂತು ಬರೆದುಕೊಂಡ ಟಿಪ್ಪಣಿಗಳು ಯಾರ ಲೆಕ್ಕಕ್ಕೂ ಇರಲಿಲ್ಲ.

ಸಲಕರಣೆಗಳ ಸುಧಾರಣೆಯಿಂದ ಮೊದಲು ಲಾಭವಾಗುವುದು ಈಗಾಗಲೇ ಸಂಖ್ಯೆ ಪಡೆದ ಬರಹಕ್ಕೆ. ಕನ್ನಡದ ಬರಹಕ್ಕೆ ಈಗಲೂ ಕೈಯೇ ಗತಿ. ಆದರೆ ಒಂದು ಸಮಾಧಾನವಿದೆ. ಆ ಬಿಬ್‌ಟೆಕ್ ಕಡತ ಸಾದಾ ಪಠ್ಯ. ಜಿಯೊಸಿಟೀಸ್ 2009ರಲ್ಲಿ ಬಾಗಿಲು ಹಾಕಿದಾಗ ಎಷ್ಟೋ ಪುಟಗಳು ಕಾಣೆಯಾದವು. ನಾಳೆ ಈ ವಿನ್ಯಾಸವೂ ಹಳತಾಗಬಹುದು; ಕಡತವನ್ನು ಎತ್ತಿಕೊಂಡು ಇನ್ನೊಂದು ಮನೆಗೆ ಹೋಗಬಹುದು. ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ. ಪುಟ ಆಮೇಲೆ ಮಾಡಿಕೊಳ್ಳಿ. ಬರೆದದ್ದರ ಪಟ್ಟಿಯನ್ನು ಇವತ್ತೇ ಯೂನಿಕೋಡ್ ಕನ್ನಡದಲ್ಲಿ, ನಿಮ್ಮ ಹೆಸರನ್ನು ನೀವು ಬರೆಯುವ ಹಾಗೆಯೇ ಬರೆದು, ಒಂದು ಕಡತದಲ್ಲಿ ಇಟ್ಟುಕೊಳ್ಳಿ.