ಕೊಬ್ಬರಿ ಸೀಮೆಯಲ್ಲಿ ಕೈಬಂದೂಕು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೊರಟ ರೈಲು ತುಮಕೂರು, ಗುಬ್ಬಿಗಳನ್ನು ದಾಟಿ ತಿಪಟೂರನ್ನು ಸಮೀಪಿಸುತ್ತಿದ್ದಂತೆ ಕಿಟಕಿಯ ಹೊರಗೆ ತೆಂಗಿನ ಮರವಲ್ಲದೆ ಬೇರೆ ವೃಕ್ಷವೇ ಇಲ್ಲವೇನೋ ಎಂಬ ಭ್ರಮೆ ಹುಟ್ಟುತ್ತದೆ. ಕರಾವಳಿಯ ತೆಂಗಿಗೂ ಈ ಬಯಲುಸೀಮೆಯ ತೆಂಗಿಗೂ ಇರುವ ಅಂತರವನ್ನು ಪ್ರವಾಸಿಗನ ಕಣ್ಣು ಬೇಗನೆ ಗುರುತಿಸುತ್ತದೆ. ಅಲ್ಲಿ ಮರವು ನೀರಿನ ಕಡೆಗೆ ಬಾಗಿ ನಿಂತಿರುತ್ತದೆ. ಇಲ್ಲಿ ಕೆಂಪು ಮಣ್ಣಿನಲ್ಲಿ ಸೈನಿಕರ ಸಾಲಿನಂತೆ ನೆಟ್ಟಗೆ ನಿಂತಿದೆ. ತಿಪಟೂರಿನಲ್ಲಿ ಇಳಿದು ಉತ್ತರಕ್ಕೆ ಹೋಗುವ ಬಸ್ಸು ಹಿಡಿದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಂದನಕೆರೆ ಸಿಕ್ಕುತ್ತದೆ. ಅಂಗಡಿ ಬೀದಿ, ಪೊಲೀಸ್ ಠಾಣೆ, ದೇವಸ್ಥಾನ; ಅವುಗಳ ಸುತ್ತ ದೃಷ್ಟಿ ಹರಿದಷ್ಟು ದೂರವೂ ತೋಟ. ಪೂರ್ವಕ್ಕೆ ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಸಾಲು ಮಸುಕಾಗಿ ಕಾಣುತ್ತದೆ. ಮದಲಿಂಗನ ಕಣಿವೆ ಇರುವುದು ಆ ಗುಡ್ಡಗಳ ನಡುವೆಯೇ.

ಈ ಸೀಮೆಯ ಅನೇಕ ರೈತರು ಊರ ನಡುವೆ ವಾಸಿಸುವುದಿಲ್ಲ. ತೋಟದಲ್ಲಿಯೇ ಮನೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸುತ್ತದೆಂಬ ಭರವಸೆಯಿಲ್ಲ. ಸಂಜೆ ಏಳರ ಹೊತ್ತಿಗೆ ಗರಿಗಳ ನಡುವೆ ಕತ್ತಲೆ ಕವಿದರೆ ದೂರದ ಒಂದು ದೀಪ ನೆರೆಯವರಿದ್ದಾರೆಂಬುದಕ್ಕೆ ಸಾಕ್ಷಿ. ಇಂತಹ ಮನೆಯ ಅಟ್ಟದಲ್ಲಿ ಆ ಕುಟುಂಬದ ಇಡೀ ವರ್ಷದ ದುಡಿಮೆ ಮಲಗಿರುತ್ತದೆ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಅಲ್ಲಿಯೇ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಕಾಯನ್ನು ಅಲ್ಲಾಡಿಸಿದರೆ ಗಿಟುಕು ಉರುಳುವ ಸದ್ದು ಕೇಳಿಬಂದಾಗ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಬೇರೆ ಬೆಳೆಯವನು ಸುಗ್ಗಿಯಾದ ವಾರದಲ್ಲಿಯೇ ಹಣ ಎಣಿಸಬಹುದು. ತೆಂಗಿನವನು ತನ್ನ ಹಣದ ಕೆಳಗೆ ಹಾಸಿಗೆ ಹಾಸಿ ವರ್ಷವಿಡೀ ಮಲಗುತ್ತಾನೆ.

ಈ ಹಣದ ಬೆಲೆಯಾದರೂ ಚಂಚಲ. 2023ರಲ್ಲಿ ಸರಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆ ಘೋಷಿಸಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರಲ್ಲಿ, ಅದೇ ಕೊಬ್ಬರಿ 25,000 ರೂಪಾಯಿಗಳನ್ನು ದಾಟಿ ಮೇಲೇರಿತು. ಬೆಲೆ ಏರಿದಾಗ ಹರ್ಷದೊಡನೆ ಅಂಜಿಕೆಯೂ ಮನೆಗೆ ಬರುತ್ತದೆ. ಅಟ್ಟದ ಮೇಲೆ ಇಲಿ ಓಡಾಡಿದರೂ ಯಜಮಾನನಿಗೆ ಎಚ್ಚರ. ಆಗ ಜಗುಲಿಯ ಮೇಲೆ ಕುಳಿತವರಲ್ಲಿ ಯಾರಾದರೊಬ್ಬರು ಹೇಳುವ ಮಾತು ಒಂದೇ: "ಒಂದು ಪಿಸ್ತೂಲು ಇಟ್ಟುಕೊಳ್ಳಬಾರದೇ?"

ಆಯುಧವೇ ಇಲ್ಲದ ಸೀಮೆಯಲ್ಲವಿದು. ಹಂದನಕೆರೆಯ ದಾರಿಯಲ್ಲಿ ಎದುರಾಗುವ ತೋಟದವರಲ್ಲಿ ಅನೇಕರ ಬಳಿ ಮಚ್ಚು ಇರುತ್ತದೆ. ಸೊಂಟದಲ್ಲೋ ಕಂಕುಳಲ್ಲೋ ಸೈಕಲ್ಲಿನ ಹಿಂಬದಿಯಲ್ಲೋ ಅದು ಬಹಿರಂಗವಾಗಿಯೇ ಸಾಗುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಕಾನೂನು ಕೂಡ ಇಲ್ಲಿ ವಿವೇಕ ತೋರಿದೆ. ಒಂಬತ್ತು ಅಂಗುಲಕ್ಕಿಂತ ಉದ್ದದ ಇಲ್ಲವೆ ಎರಡು ಅಂಗುಲಕ್ಕಿಂತ ಅಗಲದ ಅಲಗನ್ನು ಅದು ಆಯುಧವೆಂದು ಎಣಿಸಿದರೂ, ಮನೆಗೆಲಸಕ್ಕೂ ವ್ಯವಸಾಯಕ್ಕೂ ಮಾಡಿದ ಸಾಧನಗಳನ್ನು ಹೊರಗಿಟ್ಟಿದೆ. ಎಳನೀರು ಕೆತ್ತುವ ಮಚ್ಚು ಆಯುಧಪೂಜೆಯ ದಿನದ ಹೊರತು ಆಯುಧವಲ್ಲ.

ಪಿಸ್ತೂಲಿನ ಮಾತು ಬೇರೆ. ಅದಕ್ಕೆ ತೋಟದಲ್ಲಿ ಬೇರೆ ಕೆಲಸವಿಲ್ಲ. 1959ರ ಆಯುಧ ಕಾಯಿದೆಯು ಕೋವಿಗಳ ನಡುವೆ ಜಾತಿಭೇದ ಮಾಡಿರುವುದು ಈ ಕಾರಣಕ್ಕಾಗಿಯೇ. ಬೆಳೆ ಕಾಯಲೆಂದು ರೈತನು ಮದ್ದು ಗಿಡಿಯುವ ಕೋವಿ ಕೇಳಿದರೆ, ಅಥವಾ ಆತ್ಮರಕ್ಷಣೆಗೆಂದು ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಗೆಯ ತೋಟಾ ಕೋವಿ ಕೇಳಿದರೆ, ನಿರಾಕರಿಸಲು ಕಾನೂನಿನಲ್ಲಿ ಹೇಳಿದ ಕಾರಣಗಳಿಲ್ಲದಿದ್ದಲ್ಲಿ ಪರವಾನಗಿ ಕೊಡಬೇಕು. ಕೈಬಂದೂಕನ್ನು ಬಯಸುವವನು ಮಾತ್ರ ತನಗೇಕೆ ಬೇಕೆಂಬುದಕ್ಕೆ ಅಧಿಕಾರಿಗೆ ತೃಪ್ತಿಯಾಗುವಂತಹ ಕಾರಣ ತೋರಿಸಬೇಕು. ಉದ್ದ ನಳಿಗೆ ಎಲ್ಲರಿಗೂ ಕಾಣುತ್ತದೆ. ಗಿಡ್ಡ ನಳಿಗೆ ಬಟ್ಟೆಯೊಳಗೆ ಅಡಗುತ್ತದೆ. ಕಾನೂನು ಅಂಜುವುದು ಈ ಅಡಗುವ ಗುಣಕ್ಕೆ.

ಅರ್ಜಿಯು ತುಮಕೂರಿನ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತದೆ. ಅಲ್ಲಿಂದ ವಿಚಾರಣೆಗಾಗಿ ಠಾಣೆಗೆ ಬರುತ್ತದೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2016ರ ನಿಯಮಗಳು ಬಂದ ಮೇಲೆ ಆಯುಧವನ್ನು ಹಿಡಿಯುವ, ಇಡುವ ತರಬೇತಿಯೂ ಇದರಲ್ಲಿ ಸೇರಿದೆ. 2019ರ ತಿದ್ದುಪಡಿಯ ಪ್ರಕಾರ ಸಾಮಾನ್ಯನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಹೊಂದುವಂತಿಲ್ಲ. ಕೊಡಗಿನವರನ್ನು ನೋಡಿ ಇಲ್ಲಿನವರು ಅಸೂಯೆಪಡುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರಕಾರವು 2029ರವರೆಗೆ ಮುಂದುವರಿಸಿದೆ. ಆದರೆ ಅಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಕೈಮುಗಿಯುತ್ತಾರೆ. ಮನೆಯ ಮಗು ಕೋವಿಯನ್ನು ನೋಡುತ್ತ, ಅದಕ್ಕೆ ಅಂಜುವುದನ್ನು ಕಲಿಯುತ್ತ ಬೆಳೆಯುತ್ತದೆ. ತೆಂಗಿನ ಸೀಮೆಗೆ ಆ ಶಿಕ್ಷಣವಿಲ್ಲ.

ಪರವಾನಗಿ ಕೈಸೇರಿತೆಂದಿಟ್ಟುಕೊಳ್ಳೋಣ. ಆಯ್ಕೆಯ ಕ್ಷೇತ್ರ ಸಿನಿಮಾ ನೋಡಿದವರು ಊಹಿಸುವಷ್ಟು ವಿಶಾಲವಾಗಿಲ್ಲ. 9 ಮಿಲಿಮೀಟರಿನ ಪಿಸ್ತೂಲು ಮೊದಲಾದವು ನಿಷಿದ್ಧ ವರ್ಗಕ್ಕೆ ಸೇರಿವೆ. ಸಾಮಾನ್ಯನಿಗೆ ಬಹುಮಟ್ಟಿಗೆ ದೊರೆಯುವುದು 0.32 ಅಂಗುಲದ ರಿವಾಲ್ವರು ಅಥವಾ ಪಿಸ್ತೂಲು, ಇಲ್ಲವೆ 0.22 ಅಂಗುಲದ ಕಿರಿಯದು. ಕಾನ್ಪುರದ ಕಾರ್ಖಾನೆಯು 2014ರಲ್ಲಿ 'ನಿರ್ಭೀಕ್' ಎಂಬ ಹಗುರ ರಿವಾಲ್ವರನ್ನು ಹೊರತಂದಿತು. ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು ಅರ್ಧ ಕಿಲೋಗ್ರಾಮು, ಮಹಿಳೆಯರ ಕೈಚೀಲಕ್ಕೆಂದೇ ಪ್ರಚಾರ. ಅಂದಿನ ಬೆಲೆ 1,22,360 ರೂಪಾಯಿ! ಮಹಿಳೆಯರ ರಕ್ಷಣೆಗೆಂದು ಇಷ್ಟು ಬೆಲೆಯ ವಸ್ತುವನ್ನು ಕೊಂಡುಕೊಳ್ಳಬಲ್ಲ ಮಹಿಳೆ ಯಾರೆಂಬ ಪ್ರಶ್ನೆ ಆಗಲೇ ಎದ್ದಿತ್ತು. 2023ರಲ್ಲಿ ಅದೇ ಊರಿನಿಂದ 'ಪ್ರಬಲ್' ಬಂದಿತು. ಹಿಂದಿನವುಗಳಲ್ಲಿ ತೋಟಾ ತುಂಬಲು ನಳಿಗೆಯನ್ನೇ ಮಡಿಸಬೇಕಾಗಿತ್ತು. ಇದರಲ್ಲಿ ತೋಟಾದ ಉರುಳೆ ಪಕ್ಕಕ್ಕೆ ಹೊರಳುತ್ತದೆ. ಗುರಿ 50 ಮೀಟರೆಂದು ಕಾರ್ಖಾನೆಯ ಹೇಳಿಕೆ.

ರಿವಾಲ್ವರೋ ಪಿಸ್ತೂಲೋ ಎಂಬುದು ಕೊಳ್ಳುವವನಿಗೆ ಎದುರಾಗುವ ನಿಜವಾದ ಪ್ರಶ್ನೆ. ರಿವಾಲ್ವರಿನ ಉರುಳೆಯನ್ನು ತೆರೆದರೆ ಎಲ್ಲ ಗೂಡುಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ತುಂಬಿದೆಯೋ ಬರಿದೋ ಎಂಬುದಕ್ಕೆ ವಾದವಿಲ್ಲ. ಪಿಸ್ತೂಲು ತೆಳ್ಳಗಿದ್ದು ಬಟ್ಟೆಯೊಳಗೆ ಚೆನ್ನಾಗಿ ಅಡಗುತ್ತದೆ, ನಿಜ. ಆದರೆ ಹಿಡಿಯಲ್ಲಿರುವ ತೋಟಾಗಳ ಡಬ್ಬಿಯನ್ನು ಕಳಚಿದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. 'ಖಾಲಿ ಮಾಡಿದ' ಪಿಸ್ತೂಲಿನಿಂದ ಗುಂಡು ಹಾರಿ ಅನಾಹುತವಾಗುವುದು ಈ ಒಂದು ತೋಟಾದಿಂದ. ವರ್ಷಕ್ಕೊಮ್ಮೆ ಅಭ್ಯಾಸ ಮಾಡಲೂ ಬಿಡುವಿಲ್ಲದ ಗೃಹಸ್ಥನಿಗೆ ರಿವಾಲ್ವರಿನ ಸರಳತನವೇ ಲೇಸು. ಹಗುರವಾದುದೇ ಒಳ್ಳೆಯದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ: ಬಂದೂಕು ಹಗುರವಾದಷ್ಟೂ ಸಿಡಿದಾಗ ಕೈಯನ್ನು ಹೆಚ್ಚು ಒದೆಯುತ್ತದೆ, ಗುರಿ ತಪ್ಪುತ್ತದೆ.

ಇನ್ನು ಒಯ್ಯುವುದೆಲ್ಲಿ? ಪತ್ತೇದಾರಿ ಕಾದಂಬರಿಯ ನಾಯಕನು ಮೇಲಂಗಿಯ ಜೇಬಿನಿಂದ ರಿವಾಲ್ವರನ್ನು ಸರಕ್ಕನೆ ಸೆಳೆಯುತ್ತಾನೆ. ಹಂದನಕೆರೆಯ ಬಿಸಿಲಿನಲ್ಲಿ ಮೇಲಂಗಿ ತೊಟ್ಟವರನ್ನು ಯಾರೂ ಕಂಡಿಲ್ಲ. ಇಲ್ಲಿನ ಹಿರಿಯರದು ಪಂಚೆ, ಜುಬ್ಬ, ಒಳಗೆ ಪಟ್ಟೆ ಚಡ್ಡಿ. ಆ ಚಡ್ಡಿಯ ಜೇಬು ದುಡ್ಡು, ಅಡಿಕೆ, ಬೀಗದ ಕೈಗಳ ಸನಾತನ ಭಂಡಾರ. ಇವುಗಳ ನಡುವೆ ಅರ್ಧ ಕಿಲೋಗ್ರಾಮಿನ ಬಂದೂಕನ್ನು ಇಳಿಸಿದರೆ ಬೀಗದ ಕೈಯೇ ಕುದುರೆಯನ್ನು ಮೀಟೀತು. ಉಡಿಯಲ್ಲಿ ಸಿಕ್ಕಿಸಿದರೆ ಬಸ್ಸು ಹತ್ತುವಾಗ ಜಾರಿ ಬಿದ್ದೀತು. 2016ರ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ: ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ಣವಾಗಿ ಮುಚ್ಚಿರಬೇಕು, ಒಯ್ಯುವವನ ಸ್ವಾಧೀನದಲ್ಲಿರಬೇಕು. ಹೊರಗೆ ತೆಗೆದು ಝಳಪಿಸುವಂತಿಲ್ಲ. ಚರ್ಮದ ಚೀಲವು ಕುದುರೆಯನ್ನು ಸಂಪೂರ್ಣವಾಗಿ ಮುಚ್ಚುವಂತಿದ್ದು, ಗಟ್ಟಿಯಾದ ಸೊಂಟಪಟ್ಟಿಗೆ ಬಿಗಿದಿರಬೇಕು. ಅಂದರೆ ಪಿಸ್ತೂಲು ಕೊಳ್ಳುವವನು ಮೊದಲು ಉಡುಪನ್ನು ಬದಲಿಸಬೇಕು! ಸ್ಕೂಟರಿನ ಪೆಟ್ಟಿಗೆಯಲ್ಲಿ ಇಟ್ಟು ಕಾಫಿ ಕುಡಿಯಲು ಹೋಗುವುದನ್ನು ಸ್ವಾಧೀನವೆಂದು ಯಾವ ಅಧಿಕಾರಿಯೂ ಒಪ್ಪಲಾರನು.

ಮೈಗೆ ತಾಗಿಕೊಂಡಿರುವ ಉಕ್ಕಿಗೆ ಬೆವರೇ ಶತ್ರು. ತೋಟದ ಕೆಲಸದವನ ಬೆವರು ವಾರದೊಳಗೆ ತುಕ್ಕಿನ ಬೀಜ ಬಿತ್ತುತ್ತದೆ. ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರುವುದು ನಿತ್ಯದ ಕೆಲಸವಾಗಬೇಕು. ಹಾಗೆ ಒರೆಸುವ ಮುನ್ನ ತೋಟಾಗಳನ್ನು ತೆಗೆದು ಬೇರೆ ಕೋಣೆಯಲ್ಲಿಡಬೇಕು. ತುಂಬಿಲ್ಲವೆಂದು ಗೊತ್ತಿದ್ದರೂ ತುಂಬಿದೆಯೆಂದೇ ಭಾವಿಸಿ ನಳಿಗೆಯನ್ನು ಮನುಷ್ಯರ ಕಡೆಗೆ ತಿರುಗಿಸದಿರುವುದು, ಸುಡುವ ನಿಶ್ಚಯವಾಗುವವರೆಗೆ ಬೆರಳನ್ನು ಕುದುರೆಯಿಂದ ಹೊರಗಿಡುವುದು: ಬಂದೂಕನ್ನು ಬಲ್ಲವರು ಎಲ್ಲೆಡೆಯೂ ಪಾಲಿಸುವ ಈ ಎರಡು ವ್ರತಗಳನ್ನು ಮುರಿದವನಿಗೆ ಬೇರಾವ ಜಾಣತನವೂ ಸಹಾಯಕ್ಕೆ ಬರದು. ರಾತ್ರಿ ಅದು ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿರಬೇಕು. ದಿಂಬಿನ ಕೆಳಗೆ ಕೈಯಾಡಿಸುವ ಮೊಮ್ಮಗನಿದ್ದಾನೆ. ಅಟ್ಟಕ್ಕೆ ಕಾಯಿ ಇಳಿಸುವ ಆಳುಗಳು ಹತ್ತುತ್ತಾರೆ. ಆದರೆ ಬೀಗದೊಳಗಿನ ಬಂದೂಕು ಬಾಗಿಲು ಮುರಿಯುವ ಸದ್ದಿಗೆ ಒಡನೆ ಒದಗುವುದಿಲ್ಲ. ಒದಗುವ ಬಂದೂಕು ಮಗುವಿಗೂ ಒದಗುತ್ತದೆ. ಈ ತೊಡಕಿಗೆ ಪರಿಹಾರ ಯಾವ ಕಾರ್ಖಾನೆಯ ಕೈಪಿಡಿಯಲ್ಲಿಯೂ ಇಲ್ಲ. ಜಗುಲಿಯಲ್ಲಿ ಕುಳಿತು ಸಲಹೆ ಕೊಡುವವರು ಮನೆಯ ಹೆಂಗಸರನ್ನು ಕೇಳುವುದೂ ಇಲ್ಲ.

ಯಾರ ಮೇಲೆ ಹಿಡಿಯುವುದೆಂಬುದು ಎಲ್ಲಕ್ಕಿಂತ ಕಠಿಣ. ತೋಟದಲ್ಲಿ ನಡುರಾತ್ರಿ ಕಾಯಿ ಬೀಳುವ ಸದ್ದಾಗುತ್ತದೆ. ಮರದ ಮೇಲೆ ಕಳ್ಳನಿದ್ದಾನೆ. ಅವನನ್ನು ಸುಡಬಹುದೇ? ಸುಡಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ, ಅದರ ಹಿಂದಿನ ದಂಡ ಸಂಹಿತೆಯಂತೆಯೇ, ಬರಿಯ ಕಳ್ಳತನವನ್ನು ತಡೆಯಲು ಪ್ರಾಣ ತೆಗೆಯುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ. ದರೋಡೆ, ರಾತ್ರಿ ವೇಳೆ ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ, ಇಲ್ಲವೆ ಪ್ರಾಣಕ್ಕೋ ದೇಹಕ್ಕೋ ಘೋರ ಅಪಾಯವಾದೀತೆಂಬ ಸಕಾರಣ ಭಯ: ಇಂತಹ ಸಂದರ್ಭಗಳಲ್ಲಿ ಮಾತ್ರ ಅದು ಅಷ್ಟು ದೂರ ಹೋಗುತ್ತದೆ, ಅದೂ ಅಗತ್ಯಕ್ಕೆ ಮೀರದಂತೆ. ಹತ್ತು ಕಾಯಿಗಾಗಿ ಮರವೇರಿದವನು ಪಕ್ಕದ ಊರಿನ ಹುಡುಗನೇ ಆಗಿರಬಹುದು. ಮೇಲಾಗಿ ತೋಟದ ಕತ್ತಲೆಯಲ್ಲಿ ಗುರಿ ತಪ್ಪಿದ ಗುಂಡು 50 ಮೀಟರಿಗೆ ನಿಲ್ಲುವುದಿಲ್ಲ. ಆಚೆ ತೋಟದ ದೀಪ ಉರಿಯುತ್ತಿರುವ ದಿಕ್ಕಿಗೂ ಅದು ಹೋಗಬಲ್ಲದು. ಮದುವೆ, ಮೆರವಣಿಗೆಗಳಲ್ಲಿ ಸಂತೋಷಕ್ಕಾಗಿ ಆಕಾಶಕ್ಕೆ ಹಾರಿಸುವ ಗುಂಡಿಗೂ 2019ರಿಂದ ಎರಡು ವರ್ಷಗಳವರೆಗಿನ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ಕಾದಿವೆ.

ಚಿರತೆಯ ಭಯವನ್ನು ಮುಂದೊಡ್ಡುವವರೂ ಇದ್ದಾರೆ. ಅದು ಸುಳ್ಳು ಭಯವಲ್ಲ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಇದೇ ಜಿಲ್ಲೆಯ ಗುಬ್ಬಿ, ಹೆಬ್ಬೂರುಗಳ ಕಡೆಯ ಹಳ್ಳಿಗಳಲ್ಲಿ ಚಿರತೆ ಮನುಷ್ಯರನ್ನೇ ಕೊಂದು, ಹಾಡುಹಗಲಿನಲ್ಲಿಯೂ ಜನ ತೋಟಕ್ಕಿಳಿಯಲು ಹೆದರಿದ್ದರು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿರತೆಗೆ ಅತ್ಯುಚ್ಚ ರಕ್ಷಣೆ ಕೊಟ್ಟಿದೆ. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಮಾತ್ರ ಅಪರಾಧವಿಲ್ಲ. ಹುಲ್ಲು ಕೊಯ್ಯಲು ಬಾಗಿದವಳ ಹಿಂದಿನಿಂದ ಸದ್ದಿಲ್ಲದೆ ಎರಗುವ ಮೃಗಕ್ಕೆ ಚೀಲದ ಗುಂಡಿ ಬಿಚ್ಚುವಷ್ಟು ಹೊತ್ತು ಕಾಯುವ ಸೌಜನ್ಯವಿಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ಜೊತೆಗಾರರು, ನಾಯಿ, ದೊಡ್ಡ ದನಿ, ಟಾರ್ಚು.

ಒಂದು ಕಾಲದಲ್ಲಿ ಪಿಸ್ತೂಲಿಗಿದ್ದ ಬಲವಾದ ಸಮರ್ಥನೆ ಕೊಬ್ಬರಿ ವರ್ತಕನ ಹಣದ ಚೀಲ. ಹರಾಜು ಮುಗಿದ ಸಂಜೆ ನೋಟಿನ ಕಂತೆಯೊಡನೆ ಕತ್ತಲ ದಾರಿಯಲ್ಲಿ ಮರಳಬೇಕಾದವನ ಭಯ ಯಾರಿಗೂ ಅರ್ಥವಾಗುವಂಥದು. ಈಗ ಬೆಂಬಲ ಬೆಲೆಯ ಖರೀದಿಯ ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಹೋಗುತ್ತದೆ. ವರ್ತಕರೂ ಅದೇ ದಾರಿ ಹಿಡಿಯುತ್ತಿದ್ದಾರೆ. ಚೀಲ ಹಗುರವಾದಂತೆ ಅದನ್ನು ಕಾಯುವ ಬಂದೂಕಿನ ಕಾರಣವೂ ಹಗುರವಾಗುತ್ತಿದೆ. ಅಟ್ಟದ ಭಯ ಉಳಿದಿದೆ. ಅದಕ್ಕೆ ಗಟ್ಟಿ ಬಾಗಿಲು, ತೋಟದ ನಾಲ್ಕು ಮೂಲೆಗೆ ದೀಪ, ಎರಡು ನಾಯಿ, ನೆರೆಯವನೊಡನೆ ಮುರಿಯದ ಮಾತು: ಇವಿಷ್ಟೂ ಕೂಡಿದರೆ 'ನಿರ್ಭೀಕ್'ನ ಬೆಲೆಯ ಕಾಲುಭಾಗವೂ ಆಗದು.

ಇಷ್ಟಾಗಿಯೂ ಕೊಂಡವರಿಗೆ ಚುನಾವಣೆಯೊಂದು ವಾಡಿಕೆಯ ಯಾತ್ರೆ. ನೀತಿಸಂಹಿತೆ ಜಾರಿಗೆ ಬಂದೊಡನೆ ಠಾಣೆಯಿಂದ ಕರೆ ಬರುತ್ತದೆ. ಪರವಾನಗಿ ಪುಸ್ತಕ ಹಿಡಿದು ಬಂದೂಕನ್ನು ಒಪ್ಪಿಸಿ ರಸೀದಿ ಪಡೆಯಬೇಕು, ಫಲಿತಾಂಶವಾದ ಮೇಲೆ ಬಿಡಿಸಿಕೊಳ್ಳಬೇಕು. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಎಣಿಸಿದರೆ ಕೆಲವು ಬಂದೂಕುಗಳು ತಮ್ಮ ಆಯುಸ್ಸಿನ ಗಣನೀಯ ಭಾಗವನ್ನು ಪೊಲೀಸರ ಅತಿಥಿಗಳಾಗಿಯೇ ಕಳೆಯುತ್ತವೆ. ಯಜಮಾನನು ತೀರಿಕೊಂಡರಂತೂ ಅದು ಮನೆಯಲ್ಲಿ ಉಳಿಯುವಂತಿಲ್ಲ. ಮಕ್ಕಳು ತೋಟವನ್ನು ಮರ ಎಣಿಸಿ ಭಾಗ ಮಾಡಿಕೊಳ್ಳಬಹುದು, ಅಟ್ಟದ ಕಾಯನ್ನು ರಾಶಿ ಹಾಕಿ ಹಂಚಿಕೊಳ್ಳಬಹುದು. ಬಂದೂಕನ್ನು ಮಾತ್ರ ಠಾಣೆಗೋ ಪರವಾನಗಿಯುಳ್ಳ ಆಯುಧದ ವ್ಯಾಪಾರಿಗೋ ಒಪ್ಪಿಸಿ, ಬೇಕೆನ್ನುವವನು ತನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಬರೆದು, ತುಮಕೂರಿನ ಉತ್ತರಕ್ಕಾಗಿ ಕಾಯಬೇಕು.